ಹಲ್ಲು ನೋಡಿದಿರಾ?

ನನ್ನ ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದರೆ ವಯಸ್ಸು ತಿಳಿಯಲು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು, ಸುಳಿ ಹುಡುಕುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಿದ್ದರು. ಆ ವಿದ್ಯೆ ನನಗೆ ಬರಲಿಲ್ಲ. ಟಾರ್ಚ್ ಹಿಡಿಯಲು ಬರುತ್ತದೆ. ಅದೊಂದೇ ಅರ್ಹತೆಯ ಮೇಲೆ ಅಮೆರಿಕದ ಮಿಷಿಗನ್ನಿನ ನಮ್ಮ ನೆರೆಮನೆಯ ಹಿರಿಯರು ಕಳೆದ ವಸಂತದಲ್ಲಿ ಹಳೆಯ ಕಾರೊಂದನ್ನು ಪರೀಕ್ಷಿಸಲು ನನ್ನನ್ನು ಒಂದು ಹೊಲದ ಹಳೆಯ ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದರು.

ಅಲ್ಲಿ ಮುಳ್ಳುಗಿಡಗಳ ನಡುವೆ 1967ರ ಫೋರ್ಡ್ ಕಂಟ್ರಿ ಸ್ಕ್ವೈರ್ ಎಂಬ ಸ್ಟೇಷನ್ ವ್ಯಾಗನ್ ನಿಂತಿತ್ತು. ಸ್ಟೇಷನ್ ವ್ಯಾಗನ್ ಎಂದರೆ ಕಾರಿನ ಬೆನ್ನಿಗೆ ಪಡಸಾಲೆ ಕಟ್ಟಿದ ಹಾಗೆ. ತೀರಾ ಹಿಂದೆ ಎರಡು ಪುಟ್ಟ ಸೀಟುಗಳು, ನಮ್ಮ ಟೆಂಪೋಗಳಲ್ಲಿದ್ದಂತೆ ಎದುರುಬದುರು. ಪಕ್ಕಗಳಲ್ಲಿ ಮರದ ಹಲಗೆ ಹೊಡೆದಂತೆ ಕಾಣುತ್ತದೆ, ಆದರೆ ಮರವಲ್ಲ. ನಿಜವಾದ ಮರದ ಮೈ 1951ಕ್ಕೇ ಮುಗಿದು ಉಕ್ಕು ಬಂದಿತ್ತು. ಇದು ಮರದ ಗೆರೆಗಳನ್ನು ಅಚ್ಚು ಹಾಕಿದ ವಿನೈಲ್ ಹಾಳೆ, ನಮ್ಮ ಸನ್‌ಮೈಕಾದ ಅಮೆರಿಕದ ದಾಯಾದಿ.

ಹಿರಿಯರು ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ತೆಗೆದರು. ಬಾಗಿಲಿಗೆ ಇಟ್ಟರು, ಕಚ್ಚಿಕೊಂಡಿತು. ಹಿಂಚಕ್ರದ ಕಮಾನಿಗೆ ಇಟ್ಟರು, ಜಾರಿ ಹುಲ್ಲಿಗೆ ಬಿತ್ತು. ಅಲ್ಲಿ ಕಬ್ಬಿಣವೇ ಇಲ್ಲ, ಯಾರೋ ಯಾವತ್ತೋ ಮೆತ್ತಿದ ಪುಟ್ಟಿ. ವಿನೈಲಿನ ಅಂಚನ್ನು ಉಗುರಿನಿಂದ ಎಬ್ಬಿಸಿದರೆ ಅದರಡಿ ನೀರು ಕೂತು ಕೂತು ತಗಡು ಚಿರೋಟಿಯಂತೆ ಪದರ ಪದರವಾಗಿ ಎದ್ದುಬಂತು.

ಇದು ಉಪ್ಪಿನ ಕೆಲಸ. ಚಳಿಗಾಲದಲ್ಲಿ ಹಿಮ ಕರಗಲೆಂದು ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕಾರಿಗೆ ಹೆಸರಾದ ಡೆಟ್ರಾಯ್ಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿಯೂ ಇದೆ. ಮೇಲೆ ಕಾರು ಕಟ್ಟುವುದು, ಕೆಳಗಿನಿಂದ ಅದನ್ನು ತಿನ್ನುವ ಉಪ್ಪು ತೆಗೆಯುವುದು! ಒಂದೇ ಊರಿನಲ್ಲಿ ಮಗ್ಗವನ್ನೂ ಗೆದ್ದಲನ್ನೂ ಸಾಕಿದಂತೆ.

ಎಂಜಿನ್ ಪರವಾಗಿಲ್ಲ ಎನಿಸಿತು. ಪ್ಲಗ್ ಬಿಚ್ಚಿ, ಎಣ್ಣೆ ಬಿಟ್ಟು, ಒಂದು ಗಂಟೆ ಕಾದು, ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ತಿರುಗಿಸಿದರೆ ನರಳುತ್ತ ಅರ್ಧ ಸುತ್ತು ಬಂತು. ಆದರೆ ಇವರು ನಿಜವಾಗಿ ನೋಡಬೇಕೆಂದಿದ್ದುದು ಅಡಿಯನ್ನು. ಹಿಂಚಕ್ರದ ಮುಂದೆ ಚಾಸಿ, ಎಂದರೆ ಇಡೀ ಕಾರನ್ನು ಹೊರುವ ಉಕ್ಕಿನ ಚೌಕಟ್ಟು, ಮೇಲಕ್ಕೆ ಬಾಗುವಲ್ಲಿ ಸ್ಕ್ರೂಡ್ರೈವರ್ ಒತ್ತಿದರು. ಹಿಡಿಯವರೆಗೂ ಹೋಯಿತು, ಬೆಂದ ಗೆಣಸಿಗೆ ಕಡ್ಡಿ ಚುಚ್ಚಿದ ಹಾಗೆ. ಟಾರ್ಚ್ ಹಿಡಿದಿದ್ದ ನಾನು ಸುಮ್ಮನಿದ್ದೆ. ಅವರು ಎದ್ದು ಮೊಣಕಾಲು ಝಾಡಿಸಿ, ನೋಟ್‌ಬುಕ್ಕಿನಲ್ಲಿ ‘ಬಿಡಿಭಾಗಕ್ಕೆ ಮಾತ್ರ’ ಎಂದು ಬರೆದುಕೊಂಡರು.

ತೀರ್ಪಿನಲ್ಲಿ ನ್ಯಾಯವಿತ್ತು. ಮುಂಭಾಗದ ಬಹುಪಾಲು ಅದೇ ವರ್ಷದ ಸೆಡಾನಿನದೇ ಆದ್ದರಿಂದ ಎಲ್ಲಾದರೂ ಸಿಗುತ್ತದೆ. ಸಿಗದಿರುವುದು ಹಿಂಭಾಗ: ಪಕ್ಕದ ಉದ್ದ ಗಾಜು, ಹಿಂಬಾಗಿಲು. ಇದನ್ನು ಬಿಚ್ಚಿದರೆ ಇನ್ನೊಂದು ವ್ಯಾಗನ್ ಬದುಕುತ್ತದೆ.

ಬಿಚ್ಚುವ ಲೆಕ್ಕಕ್ಕೇ ಹಿಂಬಾಗಿಲನ್ನು ಪರೀಕ್ಷಿಸಲು ಹೋದರು. ಅದು ಎರಡು ಬಗೆಯಲ್ಲಿ ತೆರೆಯುತ್ತದೆ: ಲಾರಿಯ ಹಿಂಬದಿಯ ಹಲಗೆಯಂತೆ ಕೆಳಕ್ಕೆ, ಇಲ್ಲವೇ ಮನೆಯ ಬಾಗಿಲಿನಂತೆ ಪಕ್ಕಕ್ಕೆ. ಫೋರ್ಡ್ 1966ರಲ್ಲಿ ತಂದ ಚಮತ್ಕಾರ. ಹಿಡಿ ಎಳೆದರು. ಕಿರುಗುಟ್ಟಲೂ ಇಲ್ಲ, ಪಕ್ಕಕ್ಕೆ ಸರಿಯಿತು. ಒಳಗಿನಿಂದ ಅಳಿಲು ಕೂಡಿಟ್ಟಿದ್ದ ಅಕ್ರೋಟು ಗಳಗಳನೆ ಉರುಳಿಬಂದವು. ಮುಚ್ಚಿ ಕೆಳಕ್ಕೆ ತೆರೆದರು. ಮತ್ತೆ ಪಕ್ಕಕ್ಕೆ. ಮತ್ತೆ ಕೆಳಕ್ಕೆ. ಎಪ್ಪತ್ತು ದಾಟಿದವರು ಆ ಪುಟ್ಟ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ಎದುರಿನ ಸೀಟು ತೋರಿಸಿ ನನ್ನನ್ನೂ ಕರೆದರು. ನೋಟ್‌ಬುಕ್ ಹುಲ್ಲಿನ ಮೇಲಿತ್ತು.

ತಾತ ಒಮ್ಮೆ ಜಾತ್ರೆಯಿಂದ ಹಲ್ಲೆಲ್ಲ ಬಂದು ಬಾಯಿಗೂಡಿದ ಮುದಿ ಎತ್ತೊಂದನ್ನು ಹೊಡೆದುಕೊಂಡು ಬಂದಿದ್ದರು. ಅಜ್ಜಿ ಹೊಸ್ತಿಲಲ್ಲಿ ನಿಂತು, “ಹಲ್ಲು ನೋಡಿದಿರಾ?” ಎಂದಿದ್ದರು. “ನೋಡಿದೆ,” ಎಂದು ತಾತ ಕೊಟ್ಟಿಗೆಗೆ ನಡೆದಿದ್ದರು.

ಮುಂದಿನ ಶನಿವಾರ ನೆರೆಮನೆಯ ಮುಂದೆ ಟ್ರೈಲರ್ ನಿಂತಿತು. ಅದರ ಮೇಲೆ ಇಡೀ ವ್ಯಾಗನ್, ಅಕ್ರೋಟು ಸಮೇತ. ಅವರ ಹೆಂಡತಿ ಒರೆಸುವ ಬಟ್ಟೆ ಹಿಡಿದೇ ಹೊರಬಂದು ಅಡಿಯನ್ನು ಪರೀಕ್ಷಿಸಿದಿರಾ ಎಂದು ಕೇಳಿದರು.

ನೋಡಿದೆ ಎಂದು ಅವರು ನೀರಿನ ಪೈಪು ತರಲು ಹೋದರು.