ವಾಚ್ ಇದ್ದರೆ ಆಕ್ಸಿಮೀಟರ್ ಬೇಡವೇ?
ಸ್ಮಾರ್ಟ್‌ವಾಚ್ ಇದ್ದರೆ ಮನೆಗೆ ಬೇರೆ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಯಂತ್ರ) ಬೇಡ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮದು ಮಲ್ಪೆ. ಅಪ್ಪನಿಗೆ ಹಳೆಯ ದಮ್ಮು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ವಾಚ್ ಅವರ ಆಮ್ಲಜನಕ ಶೇ. 86ಕ್ಕೆ ಇಳಿದಿದೆ ಎಂದು ತೋರಿಸಿತು. ಗಾಬರಿಯಲ್ಲಿ ರಿಕ್ಷಾಕ್ಕೆ ಫೋನೂ ಮಾಡಿಯಾಗಿತ್ತು. ನೋಡಿದರೆ ಪಟ್ಟಿ ಸಡಿಲ, ಕೈ ತಣ್ಣಗೆ. ಕೈ ಉಜ್ಜಿ ಬಿಸಿ ಮಾಡಿ, ಐದು ನಿಮಿಷ ಸುಮ್ನೆ ಕೂರಿಸಿ, 2021ರಲ್ಲಿ ಕೊರೊನಾ ಸಮಯಕ್ಕೆ ತಂದಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿದೆವು: 95.

ಆಕ್ಸಿಮೀಟರಿನ ಬೆಳಕು ಬೆರಳನ್ನು ದಾಟಿ ಹೋಗುತ್ತದೆ. ವಾಚ್ ಓದುವುದು ಚರ್ಮದಿಂದ ವಾಪಸ್ ಬಂದ ಬೆಳಕನ್ನು. ಕೈ ಅಲುಗಾಡಿದರೂ ಲೆಕ್ಕ ತಪ್ಪಬಹುದು, ಅಲ್ವಾ? ನನಗೆ ಜಾಸ್ತಿ ಹೆದರಿಕೆ ಉಲ್ಟಾ ತಪ್ಪಿನದ್ದು. ಕಪ್ಪು ಮೈಬಣ್ಣದವರಲ್ಲಿ ಬೆರಳಿನ ಯಂತ್ರವೂ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು ಬಂದರೆ, ವಾಚ್ 97 ಅಂದರೂ ಆಸ್ಪತ್ರೆಗೆ ಹೊರಡಿ.