ಕೇರ್ ಆಫ್ ಕಿರಾಣಿ ಅಂಗಡಿ

ನನ್ನ ಹಳೇ ಈಮೇಲ್ ವಿಳಾಸದೊಳಗೆ ಊರಿನ ಹೆಸರು ಸೇರಿಕೊಂಡಿದೆ. ರಾಯಲ್ ಸರ್ಕಲ್ ಹತ್ತಿರ ಒಂದು ಸೈಬರ್ ಕೆಫೆ ಇತ್ತು, ಅಲ್ಲಿ ಕೂತು ಮಾಡಿಕೊಂಡಿದ್ದು. ನನ್ನ ಹೆಸರನ್ನು ಯಾರೋ ಆಗಲೇ ತಗೊಂಡಿದ್ದರು. ಹೆಸರಿನ ಮುಂದೆ ಹುಟ್ಟಿದ ವರ್ಷ ಹಾಕಿದೆ, ಅದನ್ನೂ ಯಾರೋ ತಗೊಂಡಿದ್ದರು. ಗಂಟೆ ಲೆಕ್ಕದ ದುಡ್ಡು ಓಡ್ತಾ ಇದೆ, ನಾನು ತಲೆ ಕೆರೆದುಕೊಳ್ತಾ ಇದ್ದೇನೆ, ಕೆಫೆಯ ಹುಡುಗ ಹಿಂದಿನಿಂದ ಬಗ್ಗಿ ನೋಡಿ, ‘ಊರು ಸೇರಿಸ್ರಿ ಸಾರ್, ಸಿಕ್ಕೇ ಸಿಗುತ್ತೆ’ ಅಂದ. ಸೇರಿಸಿದೆ. ಸಿಕ್ಕಿತು.

ಆಗ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬೆಲ್ಲರಿ ಅಂತ ಬರೆಯುತ್ತಿದ್ದರು. 2014ರ ನವೆಂಬರ್ 1ಕ್ಕೆ ಸರ್ಕಾರ ಹನ್ನೆರಡು ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಿಸಿತು, ಅದರಲ್ಲಿ ನಮ್ಮದೂ ಒಂದು. ಕನ್ನಡದಲ್ಲಿ ನಾವು ಮೊದಲಿಂದಲೂ ಬಳ್ಳಾರಿಯೇ, ಹಾಗಾಗಿ ನಮಗೇನೂ ಅನ್ನಿಸಲಿಲ್ಲ. ಇ ಇದ್ದ ಕಡೆ ಎ ಬಂತು, ಕೊನೆಯ ವೈ ಹೋಗಿ ಐ ಬಂತು. ಬೋರ್ಡುಗಳು ಬದಲಾದವು, ಲೆಟರ್‌ಹೆಡ್ಡುಗಳು ಬದಲಾದವು. ನನ್ನ ಈಮೇಲ್ ಮಾತ್ರ ಬೆಲ್ಲರಿಯಲ್ಲೇ ಉಳಿಯಿತು. ಅಲ್ಲಿಂದ ನನ್ನ ಗ್ರಹಚಾರ ಶುರು. ಜನ ಹೊಸ ಸ್ಪೆಲಿಂಗ್ ಹಾಕಿ ಕಳಿಸುತ್ತಾರೆ, ಅದು ಇಲ್ಲದ ವಿಳಾಸ ಅಂತ ವಾಪಸ್ ಹೋಗುತ್ತದೆ, ಅಥವಾ ವಾಪಸ್ಸೂ ಹೋಗದೆ ಹೊಸ ಸ್ಪೆಲಿಂಗಿನ ಯಾವನೋ ಪುಣ್ಯಾತ್ಮನಿಗೆ ತಲುಪುತ್ತದೆ. ನಾನು ಜೀನ್ಸ್ ಹೊಲಿಯುವ ಸಣ್ಣ ಸಣ್ಣ ಯೂನಿಟ್‌ಗಳಿಗೆ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ತುಂಬುವವನು. ಯಾರ ಯಾರದೋ ಬಟ್ಟೆ, ಝಿಪ್ಪು, ಗುಂಡಿಗಳ ಬಿಲ್ಲು ಆ ಪುಣ್ಯಾತ್ಮನ ಹತ್ತಿರ ಎಷ್ಟು ಇವೆಯೋ.

ಅದಕ್ಕೇ ಸ್ವಂತ ಹೆಸರಿನ ಒಂದು ಡೊಮೇನ್, ಅಂದರೆ ಈಮೇಲ್ ವಿಳಾಸದಲ್ಲಿ ಆ್ಯಟ್ ಆದ ಮೇಲೆ ಬರುವ ಹೆಸರು, ತಗೊಳ್ಳೋಣ ಅಂತ ತಲೆಗೆ ಬಂತು. ಮನೆಯ ಅಡ್ಡಹೆಸರು, ಚುಕ್ಕೆ, ಇನ್. ಅಡ್ಡಹೆಸರು ಏನು ಅಂತ ಇಲ್ಲಿ ಹೇಳುವುದಿಲ್ಲ, ಹೇಳಿದರೆ ನಾಳೆ ಬೆಳಿಗ್ಗೆಯಿಂದಲೇ ಸಾಲ ಬೇಕಾ ಸಾರ್ ಅಂತ ಮೇಲ್ ಬರೋಕೆ ಶುರುವಾಗುತ್ತದೆ. ಕನ್ನಡ ಅಕ್ಷರದಲ್ಲೇ ‘.ಭಾರತ’ ಅಂತ ಮುಗಿಯುವ ವಿಳಾಸವೂ ಸಿಗುತ್ತದೆ, ಆಸೆಯೇನೋ ಆಯಿತು. ಆದರೆ ಎಷ್ಟೋ ಫಾರಂಗಳು ಅದನ್ನು ವಿಳಾಸ ಅಂತಲೇ ಒಪ್ಪುವುದಿಲ್ಲ. ಇರುವ ತಲೆನೋವೇ ಸಾಕು.

ಡೊಮೇನ್ ಹೆಸರು ಸೋವಿಗೇ ಸಿಗುತ್ತದೆ. ಮೊದಲ ವರ್ಷ ಆಫರ್ ಅಂತ ಹೆಚ್ಚುಕಮ್ಮಿ ಪುಕ್ಕಟೆ ಕೊಡುತ್ತಾರೆ. ಎರಡನೇ ವರ್ಷದ ದರ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನು ಓದಿಯೇ ದುಡ್ಡು ಕಟ್ಟಬೇಕು. ನಾನು ಕಟ್ಟಿದ ಮೇಲೆ ಓದಿದೆ. ಇರಲಿ. ಕಟ್ಟಿ, ಕಾಲರ್ ಸರಿ ಮಾಡಿಕೊಂಡು, ಹೊಸ ಹೆಸರಿಗೆ ಹಳೇ ವಿಳಾಸದಿಂದ ಒಂದು ಮೇಲ್ ಕಳಿಸಿದೆ. ವಾಪಸ್ ಬಂತು. ಹೆಸರು ಕೊಂಡರೆ ಹೆಸರಷ್ಟೇ ಬರುತ್ತದೆ, ಮೇಲ್ ಬಂದು ಬೀಳೋಕೆ ಡಬ್ಬಿ ಬೇರೆ ತಗೋಬೇಕು ಅನ್ನುವ ವಿಷಯ ನನಗೆ ಗೊತ್ತಾಗಿದ್ದು ಹಾಗೆ.

ಇದನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು, ಹದಿನಾಲ್ಕು ವರ್ಷದಲ್ಲಿ ಐದು ಬಾಡಿಗೆ ಮನೆ ಬದಲಿಸಿದವರು. ಪ್ರತಿ ಸಲ ಮನೆ ಬದಲಿಸಿದಾಗಲೂ ಎಲ್ಲ ನೆಂಟರಿಗೂ ಕಾರ್ಡು ಹಾಕಬೇಕು, ಎಲ್ಐಸಿಗೆ ಬರೀಬೇಕು, ಹಾಕಿದರೂ ಅರ್ಧ ಕಾಗದ ಹಳೇ ಮನೆಗೇ ಹೋಗುತ್ತಿದ್ದವು. ಕೊನೆಗೆ ಅಪ್ಪ ಒಂದು ಉಪಾಯ ಮಾಡಿದರು. ಬ್ರೂಸ್‌ಪೇಟೆಯಲ್ಲಿ ನಾವು ಉದ್ರಿ ತರುತ್ತಿದ್ದ ಶೆಟ್ಟರ ಕಿರಾಣಿ ಅಂಗಡಿಯ ಕೇರ್ ಆಫ್ ವಿಳಾಸ ಎಲ್ಲರಿಗೂ ಕೊಟ್ಟುಬಿಟ್ಟರು. ನಾವು ಎಲ್ಲಿಗೆ ಬೇಕಾದರೂ ಹೋಗಲಿ, ಅಂಗಡಿ ಅಲ್ಲೇ ಇರುತ್ತದಲ್ಲ. ಶೆಟ್ಟರು ಬಂದ ಕಾಗದಗಳನ್ನು ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಬ್ಯಾಡಗಿ ಮೆಣಸಿನಕಾಯಿ ಚೀಲದ ಮೇಲೆ ಇಡುತ್ತಿದ್ದರು, ಮೇಲೆ ಅರ್ಧ ಕೇಜಿಯ ತೂಕದ ಕಲ್ಲು. ಸಂಜೆ ನಾನು ಬೆಲ್ಲವೋ ಎಣ್ಣೆಯೋ ತರೋಕೆ ಹೋದಾಗ ‘ಏ ತಮ್ಮಾ, ನಿಮ್ಮಪ್ಪಂದು ಎರಡು ಬಂದಾವೆ ನೋಡು’ ಅಂತ ಕೊಡುವರು. ಇನ್‌ಲ್ಯಾಂಡ್ ಲೆಟರ್ ಬಿಡಿಸಿದರೆ ಮೊದಲು ಮೂಗಿಗೆ ಖಾರದ ಘಾಟು, ಆಮೇಲೆ ‘ಕ್ಷೇಮ’. ನಮ್ಮ ಸೋದರತ್ತೆ ಸತ್ತ ಸುದ್ದಿ ಓದುವಾಗ ಅಪ್ಪ ಕಣ್ಣು ಒರೆಸಿಕೊಂಡಿದ್ದು ದುಃಖಕ್ಕೋ ಮೆಣಸಿನಕಾಯಿಗೋ ಅಂತ ನಮಗೆ ಇವತ್ತಿಗೂ ಅನುಮಾನ.

ಡೊಮೇನ್ ಅಂದರೆ ಆ ಅಂಗಡಿ ವಿಳಾಸ, ಅಷ್ಟೇ. ಮೇಲ್ ಇಟ್ಟುಕೊಳ್ಳುವ ಕಂಪನಿ ಬಾಡಿಗೆ ಮನೆ ಇದ್ದ ಹಾಗೆ. ಬಾಡಿಗೆ ಜಾಸ್ತಿ ಮಾಡಿದರೆ ಬೇರೆ ಕಡೆ ಹೋಗಬಹುದು, ವಿಳಾಸ ಬದಲಾಗುವುದಿಲ್ಲ. ಡೊಮೇನನ್ನು ಕೊಂಡ ಕಡೆ ಎಂಎಕ್ಸ್ ಅಂತ ಒಂದು ಸಾಲು ಬರೆಯುತ್ತೇವೆ, ಈ ಹೆಸರಿಗೆ ಬಂದ ಟಪಾಲನ್ನು ಇಂಥವರ ಮನೆಗೆ ಕೊಡಿ ಅಂತ ಅದರ ಅರ್ಥ. ಸಾಲಿನ ಮುಂದೆ 10, 20 ಅಂತ ನಂಬರ್ ಇರುತ್ತದೆ. ಮೊದಲು 10ರ ಮನೆಗೆ ಹೋಗು, ಅಲ್ಲಿ ಬಾಗಿಲು ತೆಗೆಯದಿದ್ದರೆ 20ರ ಮನೆಗೆ. ಪೋಸ್ಟ್‌ಮ್ಯಾನ್ ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗುತ್ತಿದ್ದದ್ದೂ ಇದೇ ಅಲ್ವಾ.

ಇನ್ನು ಬಾಡಿಗೆ ವಿಷಯ. ನಾವು ಬಳ್ಳಾರಿಯವರು, ಬಿಸಿಲಿಗೆ ಹೆದರಲ್ಲ, ದರಕ್ಕೆ ಹೆದರುತ್ತೇವೆ. ಕೌಲ್ ಬಜಾರಿನಲ್ಲಿ 600 ಅಂದರೆ 250ರಿಂದ ಶುರು ಮಾಡುವ ಅಭ್ಯಾಸ. ವೆಬ್‌ಸೈಟಿನ ಜೊತೆ ಚೌಕಾಸಿ ಮಾಡೋಕೆ ಬರುವುದಿಲ್ಲ, ಎದ್ದು ಹೊರಟ ಹಾಗೆ ಮಾಡಿದರೂ ಅದು ‘ಬರ್ರಿ ಬರ್ರಿ’ ಅಂತ ಕರೆಯುವುದಿಲ್ಲ. ಹೆಚ್ಚಿನವರ ಲೆಕ್ಕ ಒಂದೇ, ತಲೆಗೆ ಇಷ್ಟು, ತಿಂಗಳಿಗೆ ಇಷ್ಟು. ಒಬ್ಬನಿಗೆ ಸೋವಿ ಅನ್ನಿಸಿದ್ದು ಮನೆಮಂದಿಗೆಲ್ಲ ಅಂದಾಗ ಬೆವರಿಳಿಸುತ್ತದೆ. ಗೂಗಲ್ ಮೊದಲು ಇದನ್ನು ಪುಕ್ಕಟೆ ಕೊಡುತ್ತಿತ್ತಂತೆ, 2012ರ ಡಿಸೆಂಬರಿನಲ್ಲಿ ಹೊಸಬರಿಗೆ ನಿಲ್ಲಿಸಿತು. ನಾವು ಯಾವತ್ತೂ ಊಟ ಮುಗಿದ ಮೇಲೆ ಮದುವೆಗೆ ಹೋಗುವವರು.

ತಮಿಳುನಾಡಿನ ತೆಂಕಾಸಿ ಹತ್ತಿರದ ಹಳ್ಳಿಯಲ್ಲೂ ಆಫೀಸು ಇಟ್ಟಿರುವ ನಮ್ಮ ದೇಶದ ಸಾಫ್ಟ್‌ವೇರ್ ಕಂಪನಿ ಜೋಹೊದವರ ಹತ್ತಿರ ಒಂದು ಪುಕ್ಕಟೆ ಪ್ಲಾನ್ ಇದೆ, ನಾನು ನೋಡಿದಾಗ ಐದು ಜನರವರೆಗೆ, ತಲಾ 5 ಜಿಬಿ. ಬ್ರೌಸರಿನಲ್ಲಿ ಅಥವಾ ಅವರದೇ ಆ್ಯಪಿನಲ್ಲಿ ನೋಡಿಕೊಳ್ಳಬೇಕು, ಆಫೀಸಿನ ಕಂಪ್ಯೂಟರಿನಲ್ಲಿ ನಾನು ಇಟ್ಟುಕೊಂಡಿರುವ ಮೇಲ್ ಸಾಫ್ಟ್‌ವೇರಿಗೆ ಅದು ಇಳಿಯುವುದಿಲ್ಲ. ಅದಕ್ಕೆ ಬೇಕಾದ ಐಮ್ಯಾಪ್ ಬೇಕು ಅಂದರೆ ದುಡ್ಡು. ಮನೆಗೆ ಮಾತ್ರ ಅಂದರೆ ಪುಕ್ಕಟೆಯದೇ ಸಾಕಿತ್ತು, ಸುಮ್ನೆ ಹೇಳಬಾರದು. ವಿದೇಶದ ಕೆಲವರು ತಲೆ ಎಣಿಸುವುದಿಲ್ಲ, ಇಡೀ ಡೊಮೇನಿಗೆ ವರ್ಷಕ್ಕೆ ಇಷ್ಟು ಡಾಲರ್ ಅಂತ ತಗೊಂಡು, ದಿನಕ್ಕೆ ಇಂತಿಷ್ಟೇ ಮೇಲ್ ಕಳಿಸು ಅನ್ನುತ್ತಾರೆ. ಒಳ್ಳೆಯದೇ. ಆದರೆ ತಿಂಗಳ 20ನೇ ತಾರೀಕು ಜಿಎಸ್‌ಟಿಆರ್-3ಬಿ ಅನ್ನುವ ತಿಂಗಳ ರಿಟರ್ನಿಗೆ ಕೊನೇ ದಿನ, ಅವತ್ತು ನಾನು ಕಳಿಸುವ ಮೇಲ್ ಲೆಕ್ಕ ನನಗೇ ಇರಲ್ಲ. ಜೊತೆಗೆ 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕು ಕಾರ್ಡಿನ ಆಟೊ ಡೆಬಿಟ್‌ಗೆ ಹೊಸ ನಿಯಮ ತಂದ ಮೇಲೆ, ಹೊರದೇಶದ ಎಷ್ಟೋ ಕಡೆ ದುಡ್ಡು ತಾನಾಗೇ ಕಟ್ ಆಗುವುದು ನಿಂತಿತು. ನೆನಪಿಟ್ಟುಕೊಂಡು ಕಟ್ಟಬೇಕು. ಊರವರಿಗೆಲ್ಲ ಕೊನೇ ದಿನ ನೆನಪಿಸುವ ನನಗೆ ನನ್ನ ಕೊನೇ ದಿನ ನೆನಪಿರುವುದಿಲ್ಲ.

ಅಕ್ಕನ ಮಗ ಒಬ್ಬ ಇಂಜಿನಿಯರಿಂಗ್ ಓದುತ್ತಾನೆ. ‘ಮಾಮಾ, ಇಷ್ಟಕ್ಕೆಲ್ಲ ದುಡ್ಡು ಯಾಕೆ ಕೊಡ್ತಿ, ಅಟ್ಟದ ಮೇಲಿನ ಹಳೇ ಕಂಪ್ಯೂಟರ್ ಇಳಿಸು, ನಾನೇ ಸರ್ವರ್ ಮಾಡಿಕೊಡ್ತೀನಿ’ ಅಂದ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಸಿಲು 40 ದಾಟುತ್ತದೆ, ಮನುಷ್ಯರೇ ಹ್ಯಾಂಗ್ ಆಗುತ್ತಾರೆ, ಆ ಕಂಪ್ಯೂಟರ್ ಎಷ್ಟು ದಿನ ಬಾಳೀತು. ಅದೂ ಅಲ್ಲದೆ ಮನೆ ಇಂಟರ್‌ನೆಟ್ಟಿನಲ್ಲಿ ಮೇಲ್ ಹೊರಗೆ ಹೋಗುವ 25ನೇ ಪೋರ್ಟ್ ಅನ್ನುವ ಬಾಗಿಲನ್ನು ಇಂಟರ್‌ನೆಟ್ ಕಂಪನಿಯವರು ಸಾಮಾನ್ಯವಾಗಿ ಮುಚ್ಚಿಯೇ ಇಟ್ಟಿರುತ್ತಾರೆ. ತೆಗೆಸಿದರೂ, ಗುರುತು ಪರಿಚಯ ಇಲ್ಲದ ಸರ್ವರಿನಿಂದ ಬಂದ ಮೇಲನ್ನು ದೊಡ್ಡ ಕಂಪನಿಗಳು ನಂಬುವುದಿಲ್ಲ. ಹೆಣ್ಣು ನೋಡೋಕೆ ಒಬ್ಬನೇ ಬಂದ ವರನನ್ನು ಯಾರು ನಂಬುತ್ತಾರೆ ಹೇಳಿ.

ಕೊನೆಗೆ ಬರೀ ಫಾರ್ವರ್ಡ್ ಮಾಡುವ ಪುಕ್ಕಟೆ ಸೇವೆಯನ್ನೂ ಒಂದು ವಾರ ಹಾಕಿ ನೋಡಿದೆ. ಹೊಸ ಹೆಸರಿಗೆ ಬಂದದ್ದನ್ನು ಹಳೇ ಇನ್‌ಬಾಕ್ಸಿಗೆ ದಾಟಿಸುತ್ತದೆ. ಥೇಟ್ ಶೆಟ್ಟರೇ. ಆದರೆ ಉತ್ತರ ಬರೆದರೆ ಅದು ಹಳೇ ಬೆಲ್ಲರಿಯ ಹೆಸರಿನಿಂದಲೇ ಹೋಗುತ್ತದೆ. ಶೆಟ್ಟರು ಬಂದ ಕಾಗದ ಇಟ್ಟುಕೊಳ್ಳುವರೇ ಹೊರತು ನಮ್ಮ ಪರವಾಗಿ ಕಾಗದ ಬರೆಯುತ್ತಿರಲಿಲ್ಲವಲ್ಲ.

ಹೀಗೆ ತಿರುಗಿ ತಿರುಗಿ, ತಲೆಗೆ ತಿಂಗಳಿಗೆ 59 ರೂಪಾಯಿಯ ಒಂದು ಕಡೆ ನಿಂತೆ. ನಾನು, ಹೆಂಡತಿ, ಮಗಳು, ಅಪ್ಪ. ವರ್ಷಕ್ಕೆ 2832, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 3341 ರೂಪಾಯಿ 76 ಪೈಸೆ. ‘ಮನೆಯವರ ಡಬ್ಬಿಗೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ, ಕಟ್ಟಿದ ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಳೆಯೋಕೆ ಆಗಲ್ಲ’ ಅಂತ ನಾನು ಗೊಣಗಿದ್ದಕ್ಕೆ ಹೆಂಡತಿ, ‘ತಿಂಗಳಿಗೆ 278 ಆಯ್ತಲ್ಲರೀ, ನಾಲ್ಕು ಜನ ಒಂದು ಸಂಜೆ ಒಗ್ಗರಣೆ ಮಿರ್ಚಿ ತಿಂದು ಟೀ ಕುಡಿದರೆ ಮುಗೀತು, ಅದಕ್ಕೆ ಮೂರು ವಾರದಿಂದ ನಿದ್ದೆಗೆಟ್ಟಿದೀರಲ್ಲ’ ಅಂದಳು. ನಿದ್ದೆಗೆ ಜಿಎಸ್‌ಟಿ ಇಲ್ಲ ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

ಎಂಎಕ್ಸ್‌ನಂಥ ಸಾಲುಗಳನ್ನೆಲ್ಲ ಹಾಕಿ ಮುಗಿಸಿದಾಗ ರಾತ್ರಿ ಹನ್ನೊಂದು. ಹೆಂಡತಿಯ ಹೊಸ ಡಬ್ಬಿಗೆ ಒಂದು ಮೇಲ್ ಹಾಕಿ ‘ಬಂತಾ?’ ಅಂತ ಕೂಗಿದೆ. ‘ಬಂತು, ಇನ್ನಾದರೂ ಮಲಗ್ರಿ’ ಅಂತ ಉತ್ತರ ಬಾಯಲ್ಲೂ ಬಂತು, ಮೇಲ್‌ನಲ್ಲೂ ಬಂತು. ಗೆದ್ದೆ ಅಂದುಕೊಂಡೆ.

ಮರುದಿನದಿಂದ ಕಕ್ಷಿದಾರರಿಗೆ ಹೊಸ ವಿಳಾಸ ಹೇಳುವ ಕೆಲಸ. ಒಬ್ಬರು ಫೋನಿನಲ್ಲಿ ಒಂದೊಂದೇ ಅಕ್ಷರ ಬರೆದುಕೊಂಡರು. ‘ಆ್ಯಟ್ ದ ರೇಟ್’ ಅಂದೆ. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು, ಮತ್ತೆ ಅದು ತಪ್ಪೂ ಅಲ್ಲ. ಆ ಚಿಹ್ನೆ ಲೆಕ್ಕ ಬರೆಯುವವರದ್ದೇ. 40 ಪೀಸು, ಆ್ಯಟ್ ದ ರೇಟ್ 240 ಅಂತ ನಾವು ಬಿಲ್ಲಿನಲ್ಲಿ ಹಾಕಿಕೊಂಡಿದ್ದದ್ದನ್ನು 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಅನ್ನುವ ಇಂಜಿನಿಯರು ಎತ್ತಿ ಈಮೇಲ್ ನಡುವೆ ಕೂರಿಸಿದ. ಇಡೀ ವಿಳಾಸ ಹೇಳಿ ‘ಡಾಟ್ ಇನ್’ ಅಂತ ನಿಲ್ಲಿಸಿದೆ. ಆ ಕಡೆ ಮೌನ. ಆಮೇಲೆ, ‘ಮುಂದೆ ಜಿಮೇಲ್ ಡಾಟ್ ಕಾಮ್ ಹಾಕೋದಲ್ಲ ಸಾರ್?’ ಬೇಡ ಅಂದೆ. ‘ಹಾಕದಿದ್ರೆ ಹೆಂಗೆ ಬರುತ್ತೆ?’ ಬರುತ್ತೆ ಅಂದೆ. ‘ಆಯ್ತು, ವಾಟ್ಸ್‌ಆ್ಯಪ್ ಮಾಡ್ತೀನಿ ಬಿಡ್ರಿ’ ಅಂದರು.

ಅದಾದ ಎರಡು ವಾರದಲ್ಲಿ ಮೂರು ಜನ, ‘ನಿಮ್ಮ ಫೀಸಿನ ಬಿಲ್ ಬಂದೇ ಇಲ್ಲ ಸಾರ್’ ಅಂದರು. ನಾನು ನಂಬಲಿಲ್ಲ. ಇಪ್ಪತ್ತು ವರ್ಷದ ಅನುಭವ, ಫೀಸಿನ ಬಿಲ್ ಯಾರಿಗೂ ಯಾವತ್ತೂ ಬಂದಿರುವುದಿಲ್ಲ.

ಅಪ್ಪನಿಗೆ ಡಬ್ಬಿ ಮಾಡಿಕೊಟ್ಟ ದಿನ ನನ್ನ ಹಳೇ ಬೆಲ್ಲರಿ ವಿಳಾಸದಿಂದ ಒಂದು ಮೇಲ್ ಹಾಕಿದ್ದೆ, ‘ಅಪ್ಪಾ, ಇದು ಬಂದರೆ ಉತ್ತರ ಬರಿ’ ಅಂತ. ಉತ್ತರ ಬರಲಿಲ್ಲ. ಎಂಬತ್ತು ದಾಟಿದವರು, ಮರೆತಿರಬೇಕು ಅಂತ ಸುಮ್ಮನಾದೆ. ಎರಡು ವಾರ ಆದ ಮೇಲೆ ಊಟಕ್ಕೆ ಕೂತಾಗ ಅವರೇ, ‘ಕಾಗದ ಬರೆದರೆ ತಲುಪಿತು ಅಂತನಾದ್ರೂ ಹೇಳಬೇಕಪ್ಪ’ ಅಂದರು. ಊಟ ಬಿಟ್ಟು ಎದ್ದು ಹೋಗಿ ನೋಡಿದರೆ, ಸ್ಪ್ಯಾಮ್ ಬುಟ್ಟಿಯಲ್ಲಿ, ಲಾಟರಿ ಹೊಡೆದಿದೆ ಅನ್ನುವವರ ಮತ್ತು ಬೊಜ್ಜು ಕರಗಿಸುವವರ ನಡುವೆ, ಅಪ್ಪ.

ತಪ್ಪು ನನ್ನದೇ. ನಮ್ಮ ಹೆಸರಿನಲ್ಲಿ ಮೇಲ್ ಕಳಿಸೋಕೆ ಯಾರಿಗೆ ಅಧಿಕಾರ ಇದೆ ಅಂತ ತಿಳಿಸುವ ಎಸ್‌ಪಿಎಫ್ ಅನ್ನುವ ಸಾಲು ಇರುತ್ತದೆ, ಅದು ಒಂದೇ ಇರಬೇಕು. ನಾನು ಫಾರ್ವರ್ಡ್ ಸೇವೆಯವರದ್ದನ್ನು ಅಳಿಸದೆ ಹೊಸಬರದ್ದನ್ನೂ ಸೇರಿಸಿದ್ದೆ. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂಗಳು ಈ ಕಾಗದಪತ್ರದ ವಿಷಯದಲ್ಲಿ ಇನ್ನೂ ಬಿಗಿಯಾಗಿವೆ. ಹೆಂಡತಿಯ ಡಬ್ಬಿಗೆ ಹೋಗಿದ್ದು ಒಂದೇ ಮನೆಯೊಳಗಿನ ವ್ಯವಹಾರ, ಅಲ್ಲಿ ಯಾರು ತಡೆಯುತ್ತಾರೆ. ಹಳೇ ಸಾಲು ಅಳಿಸಿದೆ. ಮೂರು ಜನಕ್ಕೂ ಬಿಲ್ ಮತ್ತೆ ಕಳಿಸಿದೆ, ತಲುಪಿತು ಅಂದರು. ದುಡ್ಡು ಇನ್ನೂ ಬಂದಿಲ್ಲ, ಅದು ಬೇರೆ.

ಆಮೇಲೆ ಕೂತು ಅಪ್ಪನ ಮೇಲ್ ಓದಿದೆ. ನನ್ನ ಮಗಳ ಕೈಲಿ ಕೀಲಿಮಣೆ ಕನ್ನಡಕ್ಕೆ ಹಾಕಿಸಿಕೊಂಡು ತಾವೇ ಒತ್ತಿದ್ದರಂತೆ. ‘ಚಿರಂಜೀವಿಗೆ ಆಶೀರ್ವಾದಗಳು. ನಿನ್ನ ಪತ್ರ ತಲುಪಿತು. ನಾನು ಒಳಗಿನ ಕೋಣೆಯಲ್ಲಿ ಕ್ಷೇಮ. ನೀನು ಹಾಲ್‌ನಲ್ಲಿ ಕ್ಷೇಮ ಎಂದು ನಂಬಿರುತ್ತೇನೆ. ಕರೆಂಟ್ ಬಿಲ್ ಕಟ್ಟಲು ನಾಳೆ ಕೊನೇ ದಿನ, ಮರೆಯಬೇಡ.’ ನಾನು ಮರೆತು ಹನ್ನೆರಡು ದಿನ ಆಗಿತ್ತು. ಕೆಳಗೆ ಸಹಿ, ಅದರ ಕೆಳಗೆ ಪೂರ್ತಿ ವಿಳಾಸ. ಕೇರ್ ಆಫ್ ಶೆಟ್ಟರ ಕಿರಾಣಿ ಅಂಗಡಿ, ಬ್ರೂಸ್‌ಪೇಟೆ, ಬಳ್ಳಾರಿ 583101. ಆ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.