ಮೂರು ಪಾಯಿಂಟ್ ಎರಡು ಸ್ಟಾರಿನ ಡಾಕ್ಟ್ರು

ನಮ್ಮ ಚಿಕ್ಕಪ್ಪ ಇರೋದು ಚನ್ನರಾಯಪಟ್ಟಣದಲ್ಲಿ. 2025ರ ಜುಲೈ ಶುರುವಿನಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಚಿಕ್ಕಮ್ಮ ಫೋನ್ ಮಾಡಿದ್ರು, "ಮಂಜ, ನಿಮ್ ಚಿಕ್ಕಪ್ಪ ಒಂದೇ ಸಮ ಕೆಮ್ತಾ ಕೂತವ್ರೆ ಕಣಪ್ಪ." ನಾನು ಗಾಬರಿಯಾಗಿ ಕಫ ಏನಾದ್ರೂ ಕಟ್ಟಿದ್ಯಾ ಅಂದೆ. ಕಫ ಅಲ್ವಂತೆ, ಪ್ರಾಕ್ಟೀಸಂತೆ. ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದ್ರೆ ಜೋರಾಗಿ ಕೆಮ್ತಾ ಇರಬೇಕು, ಜೀವ ಉಳಿಯುತ್ತೆ ಅಂತ ವಾಟ್ಸಾಪಲ್ಲಿ ಬಂದಿದೆ, ಅಟ್ಯಾಕ್ ಆದ್ಮೇಲೆ ಕಲಿಯೋಕಾಗುತ್ತಾ, ಈಗಿಂದ್ಲೇ ರೂಢಿ ಆಗ್ಲಿ ಅಂತ ವಾಚ್ ನೋಡ್ಕೊಂಡು ಎರಡು ಸೆಕೆಂಡಿಗೊಂದು ಕೆಮ್ಮು ಕೆಮ್ಮುತ್ತಾ ಇದ್ದಾರೆ. ಅದು ಸುಳ್ಳು ಚಿಕ್ಕಪ್ಪ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನೋರೇ ಹಂಗೆ ಮಾಡಬೇಡಿ, ಆಂಬುಲೆನ್ಸ್ ಕರೀರಿ ಅಂದಿದ್ದಾರೆ ಅಂದೆ. "ಅಮೆರಿಕದೋರ್ಗೆ ನಮ್ ಹಾಸನದ ವಿಚಾರ ಏನ್ಲಾ ಗೊತ್ತು?" ಅಂದ್ರು. ಮೆಸೇಜು ತಿರುಗಿಸಿ ಕಳಿಸಿದ್ರು ನೋಡಿದೆ, ಮೊದಲ ಸಾಲೇ "ಅಮೆರಿಕದ ಪ್ರಸಿದ್ಧ ವೈದ್ಯರು ಹೇಳಿದ್ದು". ಮೇಲೆ ಎರಡು ಬಾಣದ ಗುರುತು, ಅಂದ್ರೆ ಆಗ್ಲೇ ಊರೆಲ್ಲ ಕೆಮ್ಮಿ ಮುಗ್ಸಿದೆ.

ಆಗಿನ ಹಾಸನದ ಪರಿಸ್ಥಿತಿ ನಿಮಗೆ ನೆನಪಿರುತ್ತೆ. ಟಿವಿಯವರು ದಿನಾ ಬೆಳಗ್ಗೆ ಹೃದಯಾಘಾತದ ಲೆಕ್ಕನ ಸ್ಕೋರ್ ಥರ ಕೆಳಗಡೆ ಓಡಿಸ್ತಾ ಇದ್ರು. ಸಾವಾದ ಮನೆಗಳ ದುಃಖ ನಿಜ, ಅದರ ಬಗ್ಗೆ ನಂದು ತಮಾಷೆ ಇಲ್ಲ, ಆ ಸ್ಕೋರ್ ಬೋರ್ಡಿನ ಬಗ್ಗೆ ಇದೆ. ಮೈಸೂರು ಜಯದೇವ, ಬೆಂಗಳೂರು ಜಯದೇವ ಎರಡರ ಮುಂದೂ ಬೆಳಕು ಹರಿಯೋಕೆ ಮುಂಚೆ ಕ್ಯೂ, ಗಾಬರಿ ಬೀಳಬೇಡಿ ಅಂತ ಆಸ್ಪತ್ರೆಯವರೇ ಕೈ ಮುಗಿಯೋ ಹಂಗಾಯ್ತು. ಮುಖ್ಯಮಂತ್ರಿಗಳು ಕೋವಿಡ್ ಲಸಿಕೆನೂ ಕಾರಣ ಇರಬಹುದು ಅನ್ನೋ ಅರ್ಥದ ಮಾತಾಡಿದ್ರು, ಮಾರನೇ ದಿನವೇ ಕೇಂದ್ರ ಆರೋಗ್ಯ ಇಲಾಖೆ ಐಸಿಎಂಆರ್, ಏಮ್ಸ್ ಅಧ್ಯಯನ ತೋರ್ಸಿ ಸಂಬಂಧ ಇಲ್ಲ ಅಂತು. ಆಮೇಲೆ ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಕೂತು ಲೆಕ್ಕ ಹಾಕಿದ್ರೆ ಹಾಸನದಲ್ಲಿ ಹೃದಯಾಘಾತದ ಸಾವು ಹೇಳಿಕೊಳ್ಳೋ ಹಂಗೆ ಏರಿಯೇ ಇಲ್ಲ, ಹಾರ್ಟಿಗೆ ಸಂಬಂಧವೇ ಇಲ್ಲದ ಸಾವುಗಳೂ ಲೆಕ್ಕದೊಳಗೆ ಸೇರಿದ್ವು, ಸತ್ತೋರಲ್ಲಿ ಬಹಳ ಜನಕ್ಕೆ ಅದೇ ಹಳೇ ಶುಗರು, ಬಿಪಿ, ಬೀಡಿ ಸಿಗರೇಟು. ನಮ್ಮ ಫ್ಯಾಮಿಲಿ ಗ್ರೂಪಿಗೆ ಆ ವರದಿ ಇವತ್ತಿಗೂ ಬಂದಿಲ್ಲ. ಕೆಮ್ಮಿನ ಮೆಸೇಜು ಮಾತ್ರ ಏಳು ಸಲ ಬಂದಿದೆ.

ಇಷ್ಟೆಲ್ಲ ಚಿಕ್ಕಪ್ಪನಿಗೆ ಬುದ್ಧಿ ಹೇಳಿದ ನನಗೆ ಅದೇ ವಾರ ಎಡಗಡೆ ಭುಜ ಹಿಡ್ಕೊಳ್ತು ನೋಡಿ. ರಾತ್ರಿ ಎರಡು ಗಂಟೆ. ಹೆಂಡತಿನ ಎಬ್ಬಿಸೋಕೆ ಸಂಕೋಚ, ಗೂಗಲ್ಲಿಗೆ ಸಂಕೋಚ ಇಲ್ವಲ್ಲ, "ಎಡ ಭುಜ ನೋವು" ಅಂತ ಹೊಡೆದೆ. ಮೊದಲ ಪುಟದಲ್ಲಿ ಉಳುಕು, ಎರಡನೇ ಪುಟದಲ್ಲಿ ಹಾರ್ಟು, ಮೂರನೇ ಪುಟಕ್ಕೆ ಬರೋ ಹೊತ್ತಿಗೆ ಎಲ್‌ಐಸಿ ಪಾಲಿಸಿ ಎಲ್ಲಿಟ್ಟಿದ್ದೀನಿ ಅಂತ ಯೋಚನೆ ಮಾಡ್ತಾ ಇದ್ದೆ. ಮೇಲಿನ ನಾಲ್ಕು ರಿಸಲ್ಟು "ಪ್ರಾಯೋಜಿತ", ಅದರಲ್ಲೊಂದು ಹಾರ್ಟ್ ಚೆಕಪ್ ಪ್ಯಾಕೇಜು, ಗಂಡ ಹೆಂಡತಿ ಇಬ್ಬರೂ ಬಂದ್ರೆ ಡಿಸ್ಕೌಂಟು, ಸೀರೆ ಅಂಗಡಿ ಆಷಾಢ ಸೇಲ್ ಥರ. ಆ ಹೊತ್ತಿಗೆ ಎದೆನೂ ನೋಯೋಕೆ ಶುರುವಾಗಿತ್ತು, ಓದಿದ್ದಕ್ಕೋ ನಿಜವಾಗ್ಲೋ ಯಾರಿಗೆ ಗೊತ್ತು.

ಇಲ್ಲೊಂದು ಸೋಜಿಗ ಇದೆ. 2002ರ ವೈದ್ಯಕೀಯ ನೀತಿ ನಿಯಮದ ಪ್ರಕಾರ ರಿಜಿಸ್ಟರ್ಡ್ ಡಾಕ್ಟ್ರು ತಮ್ಮ ಬಗ್ಗೆ ಜಾಹೀರಾತು ಕೊಟ್ಕೊಳ್ಳಂಗಿಲ್ಲ. ಇನ್ನೊಂದು ಕಡೆ 1954ರಿಂದ ಒಂದು ಕಾಯ್ದೆ ಇದೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಅಂತ ಹೆಸರು, ಅದರ ಪಟ್ಟಿಯಲ್ಲಿ 54 ಕಾಯಿಲೆ, ಶುಗರು, ಕ್ಯಾನ್ಸರು ಎಲ್ಲ ಇದೆ, ಇವನ್ನ ವಾಸಿ ಮಾಡ್ತೀನಿ ಅಂತ ಜಾಹೀರಾತು ಕೊಟ್ರೆ ಮೊದಲ ಸಲಕ್ಕೇ ಆರು ತಿಂಗಳವರೆಗೂ ಜೈಲು. ಅಂದ್ರೆ ಓದಿದ ಡಾಕ್ಟ್ರೂ ಕೂಗಂಗಿಲ್ಲ, ಪುಡಿ ಮಾರೋನೂ ಕೂಗಂಗಿಲ್ಲ. ಇಬ್ಬರಲ್ಲಿ ಕಾನೂನಿಗೆ ಹೆದರಿದವರು ಯಾರು ಅಂತ ನಿಮ್ಮ ಮೊಬೈಲ್ ತೆಗೆದು ನೋಡಿದ್ರೆ ಗೊತ್ತಾಗುತ್ತೆ.

ಇನ್ನೂ ಚೆನ್ನಾಗಿರೋದು 2023ರದ್ದು. ಡಾಕ್ಟ್ರುಗಳು ದುಡ್ಡು ಕೊಟ್ಟು ಲೈಕು, ಫಾಲೋವರು ಕೊಂಡ್ಕೋಬಾರದು, ಹುಡುಕಿದ್ರೆ ತಮ್ಮ ಹೆಸರೇ ಮೊದಲು ಬರೋ ಹಂಗೆ ದುಡ್ಡು ಸುರೀಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂತು. ಆಗಸ್ಟ್ 2ಕ್ಕೆ ಹೊರಡಿಸಿದ್ರು, ಆಗಸ್ಟ್ 23ಕ್ಕೆ ಇಡೀ ನಿಯಮಾವಳಿಗೇ ತಡೆ ಹಾಕಿದ್ರು. ಡಾಕ್ಟ್ರು ಕಂಪನಿ ಬ್ರಾಂಡ್ ಬಿಟ್ಟು ಔಷಧಿಯ ಮೂಲ ಹೆಸರನ್ನೇ ಬರೀಬೇಕು ಅನ್ನೋ ಜೆನೆರಿಕ್ ಔಷಧಿ ಜಗಳ ಮುಖ್ಯ ಕಾರಣ, ಲೈಕಿನ ಮಾತೂ ಅದರ ಜೊತೆಗೇ ಹೋಯ್ತು. ಸರಿಯಾಗಿ ಇಪ್ಪತ್ತೊಂದು ದಿನ ಕಣ್ರೀ, ಅಷ್ಟು ದಿನ ಕಾವಿಗೆ ಕೂತ್ರೆ ಕೋಳಿಯಾದ್ರೂ ಮರಿ ಮಾಡಿರುತ್ತೆ.

ಬೆಳಗ್ಗೆ ಚಿಕ್ಕಪ್ಪನಿಗೆ ಭುಜದ ವಿಷಯ ಬಾಯಿ ತಪ್ಪಿ ಹೇಳಿದೆ. ಅಷ್ಟೇ, ವಿಡಿಯೋ ಬಂತು. ಬಿಳಿ ಕೋಟು, ಕೊರಳಲ್ಲಿ ಸ್ಟೆತೋಸ್ಕೋಪು, ನಾಡಿಗೆಲ್ಲ ಗೊತ್ತಿರೋ ಹಾರ್ಟ್ ಡಾಕ್ಟರ ಮುಖ. ತುಟಿ ಒಂದು ಹೇಳ್ತಿದೆ, ಮಾತು ಇನ್ನೊಂದು. ಕನ್ನಡನೋ ದೇವರಿಗೇ ಪ್ರೀತಿ, "ನಿಮ್ಮ ರಕ್ತದ ಹಡಗುಗಳು ಸ್ವಚ್ಛ ಆಗುವುದು" ಅಂತಾರೆ. ರಕ್ತನಾಳ ಹಡಗಾಗಿದೆ! ಕೆಳಗೆ ಪುಡಿ ಡಬ್ಬ, ಅರ್ಧ ರೇಟು, ಸ್ಟಾಕು ಇವತ್ತೊಂದೇ ದಿನ. ಚಿಕ್ಕಪ್ಪ ಇದು ಕಂಪ್ಯೂಟರಲ್ಲಿ ಮಾಡಿರೋ ಮುಖ, ಡಾಕ್ಟರ್ ದೇವಿ ಶೆಟ್ಟಿಯವರ ಹೆಸರು ಫೋಟೊ ಎಲ್ಲ ಹಿಂಗೇ ದುರ್ಬಳಕೆ ಆಗಿ ಅವರು 2024ರಲ್ಲಿ ದೆಹಲಿ ಹೈಕೋರ್ಟಿಗೇ ಹೋಗ್ಬೇಕಾಯ್ತು ಅಂದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಮುಖ ಸುಳ್ಳಿರ್ಬೋದು, ಪುಡಿ ನಿಜ ಇದ್ರೆ?" ಅಂದ್ರು. ಇದಕ್ಕೆ ಉತ್ತರ ನನ್ನ ಹತ್ರ ಇರ್ಲಿಲ್ಲ, ಇವತ್ತಿಗೂ ಇಲ್ಲ.

ಸರಿ ಅಂತ ಒಳ್ಳೇ ಡಾಕ್ಟ್ರು ಹುಡುಕೋಣ ಅಂತ ಮ್ಯಾಪ್ ತೆಗೆದೆ. ನಾಲ್ಕು ಪಾಯಿಂಟ್ ಒಂಬತ್ತು ಸ್ಟಾರಿನ ಒಂದು ಕ್ಲಿನಿಕ್ ಸಿಕ್ತು. ರಿವ್ಯೂ ಓದಿದೆ. ಒಬ್ಬರು ಪಾರ್ಕಿಂಗ್ ಸೂಪರ್ ಅಂದಿದ್ದಾರೆ. ಇನ್ನೊಬ್ಬರು ರಿಸೆಪ್ಷನಲ್ಲಿ ಬಾದಾಮಿ ಹಾಲು ಕೊಟ್ರು, ಎಸಿ ಚೆನ್ನಾಗಿದೆ. ಒಂದೇ ದಿನ, ಒಂದೇ ಗಂಟೆಯಲ್ಲಿ ಹದಿನಾಲ್ಕು ಜನ "ಬೆಸ್ಟ್ ಡಾಕ್ಟರ್ ಇನ್ ಬೆಂಗಳೂರು" ಅಂತ ಒಂದೇ ಸ್ಪೆಲ್ಲಿಂಗ್ ತಪ್ಪಿನ ಜೊತೆ ಬರೆದಿದ್ದಾರೆ, ಆ ಹದಿನಾಲ್ಕು ಜನಕ್ಕೂ ಏನು ಕಾಯಿಲೆ ಇತ್ತು, ವಾಸಿ ಆಯ್ತಾ ಇಲ್ವಾ ಅನ್ನೋದು ಮಾತ್ರ ಯಾರೂ ಬರೆದಿಲ್ಲ. ಕೆಳಗಡೆ ನಮ್ಮ ಕ್ರಾಸಿನದೇ ಒಬ್ಬ ಡಾಕ್ಟ್ರು, ಮೂರು ಪಾಯಿಂಟ್ ಎರಡು. ಏನಪ್ಪ ಇವರ ಅಪರಾಧ ಅಂತ ನೋಡಿದೆ. "ಜ್ವರ ಅಂತ ಹೋದ್ರೆ ಇಂಜೆಕ್ಷನ್ ಕೊಡ್ಲಿಲ್ಲ, ವೇಸ್ಟ್." "ಗ್ಲೂಕೋಸ್ ಹಾಕಿ ಅಂದ್ರೆ ಎಳನೀರು ಕುಡೀರಿ ಅಂದ್ರು." "ನೆಗಡಿಗೆ ಆಂಟಿಬಯೋಟಿಕ್ ಬರೆದೇ ಕೊಡ್ಲಿಲ್ಲ, ಓದಿದ್ದಾರೋ ಇಲ್ವೋ." "ಏನೂ ಇಲ್ಲ ಮನೆಗೆ ಹೋಗಿ ಅಂದ್ರು, ಏನೂ ಇಲ್ದೆ ಇದ್ರೆ ನಾವ್ಯಾಕೆ ಬರ್ತಿದ್ವಿ ಸ್ವಾಮಿ?"

ನನಗೆ ಅನುಮಾನ ಬಂದಿದ್ದೇ ಆಗ. ಓದಿದ್ದಾರೋ ಇಲ್ವೋ ಅನ್ನೋದನ್ನ ನೋಡೋಕೆ ದಾರಿ ಇದೆಯಲ್ಲ, ಪ್ರತಿ ಡಾಕ್ಟ್ರೂ ಚೀಟಿ ಮೇಲೆ ರಿಜಿಸ್ಟ್ರೇಷನ್ ನಂಬರ್ ಹಾಕಲೇಬೇಕು, ಮನೇಲಿ ಹಳೇ ಚೀಟಿ ಇತ್ತು. ಆಯೋಗದ ವೆಬ್‌ಸೈಟಲ್ಲಿರೋ ಭಾರತೀಯ ವೈದ್ಯಕೀಯ ರಿಜಿಸ್ಟರಿಗೆ ಹೋಗಿ ಹೆಸರು, ನಂಬರು ಹೊಡೆದೆ. ಬಣ್ಣ ಇಲ್ಲ, ವಿಡಿಯೋ ಇಲ್ಲ, ಸ್ಟಾರಂತೂ ಇಲ್ವೇ ಇಲ್ಲ, ಪಹಣಿ ಥರ ಒಂದು ಟೇಬಲ್ಲು, ಅದರಲ್ಲಿ ಡಾಕ್ಟರ ಹೆಸರು, ನಂಬರು, ಯಾವ ರಾಜ್ಯದ ಕೌನ್ಸಿಲ್ಲು ಎಲ್ಲ ಇದೆ. ಕೊನೆಗೆ ಅವರ ಅಪ್ಪನ ಹೆಸರೂ ಇದೆ! ಇಡೀ ಇಂಟರ್ನೆಟ್ಟಲ್ಲಿ ಅಪ್ಪನ ಹೆಸರು ಕೊಟ್ಟ ಒಂದೇ ಒಂದು ಆರೋಗ್ಯ ಮಾಹಿತಿ ಇದು, ಮಿಕ್ಕಿದ್ದೆಲ್ಲ ಅಪ್ಪ ಯಾರು ಅಂತ ಕೇಳಬಾರದ ಫಾರ್ವರ್ಡುಗಳು.

ಹೋದೆ. ಬಾದಾಮಿ ಹಾಲು ಇಲ್ಲ, ಫ್ಯಾನು ಕಿರ್ ಕಿರ್ ಅಂತಿತ್ತು, ಬಾಗಿಲಲ್ಲಿ ಚಪ್ಪಲಿ ರಾಶಿ. ನಾನು ರಾತ್ರಿ ಓದಿದ್ದನ್ನೆಲ್ಲ ಒಪ್ಪಿಸಿದೆ, ಡಾಕ್ಟ್ರು ನಡುವೆ ಬಾಯಿ ಹಾಕ್ಲಿಲ್ಲ, ಪಾಪ ಅಭ್ಯಾಸ ಆಗಿದೆ ಅನ್ಸುತ್ತೆ. ಎಡ ಭುಜ ಅಂದ್ಮೇಲೆ ಉದಾಸೀನ ಬೇಡ ಅಂತ ಇಸಿಜಿ ತೆಗೆಸಿದ್ರು, ಬಿಪಿ ನೋಡಿದ್ರು, ಕೈಯನ್ನ ಆ ಕಡೆ ಈ ಕಡೆ ತಿರುಗಿಸಿದ್ರು, ನಾನು ಅಮ್ಮಾ ಅಂದೆ. ಇಸಿಜಿ ಪೇಪರ್ ಟೇಬಲ್ ಮೇಲಿಟ್ಟು ಕೇಳಿದ್ರು:

"ರಾತ್ರಿ ಮಲಗಿದಾಗ ಮೊಬೈಲ್ ಯಾವ ಕೈಲಿ ಹಿಡ್ಕೋತೀರಿ?"

"ಎಡಗೈಲಿ."

"ಎಷ್ಟು ಹೊತ್ತು?"

ಸುಳ್ಳು ಹೇಳೋಣ ಅನ್ನಿಸ್ತು. "ಒಂದೂವರೆ ಗಂಟೆ" ಅಂದೆ. ಡಾಕ್ಟ್ರು ನನ್ನನ್ನೇ ನೋಡ್ತಾ ಇದ್ರು. "ಎರಡೂವರೆ."

"ಏನು ನೋಡ್ತೀರಿ ಅಷ್ಟು ಹೊತ್ತು?"

"ಹೆಲ್ತ್ ವಿಡಿಯೋ ಸಾರ್."

ಮಾಂಸಖಂಡದ ಸೆಳೆತ, ಬಿಸಿ ನೀರಿನ ಶಾಖ ಕೊಡಿ, ಒಂದು ವಾರ ಫೋನ್ ದೂರ ಇಡಿ, ಎದೆ ಹಿಂಡಿದ ಹಾಗಾದ್ರೆ, ಬೆವರು ಬಂದ್ರೆ ಗೂಗಲ್ ತೆಗೀಬೇಡಿ, 108ಕ್ಕೆ ಮಾಡಿ ಅಂದ್ರು. ಎರಡು ದಿನಕ್ಕೆ ನೋವಿನ ಮಾತ್ರೆ. ಫೀಸು, ಇಸಿಜಿ ಸೇರಿ ಐನೂರೈವತ್ತು. ಸತ್ಯ ಹೇಳ್ತೀನಿ, ಹೊರಗೆ ಬರುವಾಗ ಸಮಾಧಾನಕ್ಕಿಂತ ಒಂಚೂರು ಬೇಜಾರೇ ಆಯ್ತು. ಇಡೀ ರಾತ್ರಿ ಅಷ್ಟು ದೊಡ್ಡ ಕಾಯಿಲೆ ಜೊತೆ ಕಳೆದವನಿಗೆ ಬರೀ ಸೆಳೆತ ಅಂದ್ರೆ ಹೆಂಗೆ.

ಮನೆಗೆ ಬಂದು, ಪಾಪ ಇವರಿಗೆ ಐದು ಸ್ಟಾರ್ ಕೊಡೋಣ ಅಂತ ಕೂತೆ. ವೇಯ್ಟಿಂಗ್ ರೂಮ್ ಹೇಗಿತ್ತು ಅಂತ ಕೇಳ್ತು, ಪಾರ್ಕಿಂಗ್ ಇತ್ತಾ ಅಂತ ಕೇಳ್ತು. ಬರೆಯೋ ಜಾಗದಲ್ಲಿ "ಏನೂ ಇಲ್ಲ ಅಂದ್ರು, ನಿಜವಾಗ್ಲೂ ಏನೂ ಇರ್ಲಿಲ್ಲ" ಅಂತ ಹಾಕಿದೆ. ಅಷ್ಟರಲ್ಲಿ ಚಿಕ್ಕಪ್ಪನ ಫೋನು.

"ಏನಂದ್ರೋ?"

"ಏನೂ ಇಲ್ವಂತೆ ಚಿಕ್ಕಪ್ಪ, ಮೊಬೈಲ್ ಹಿಡ್ಕೊಂಡು ಆಗಿರೋ ನೋವಂತೆ."

"ಸ್ಕ್ಯಾನಿಂಗ್?"

"ಬೇಡ ಅಂದ್ರು."

"ಇಂಜೆಕ್ಷನ್?"

"ಇಲ್ಲ."

ಆ ಕಡೆಯಿಂದ ಒಂದು ನಿಟ್ಟುಸಿರು. "ಅಲ್ಲ ಕಣ್ಲಾ ಮಂಜ, ಹೋಗೋಕ್ ಮುಂಚೆ ಸ್ಟಾರಾದ್ರೂ ನೋಡ್ಕಂಡ್ ಹೋಗದಲ್ವಾ?" ಅಂದು, ಎರಡು ಸೆಕೆಂಡು ಬಿಟ್ಟು, ಒಂದು ಸಲ ಕೆಮ್ಮಿದ್ರು.